ಎರಡು ಕಿಲೋ ನೀರು: ಜಾಕಿಗಳು ತೂಕ ಇಳಿಸುವುದು ಹೇಗೆ, ಅದರಿಂದ ದೇಹಕ್ಕೆ ಏನಾಗುತ್ತದೆ?

2024ರ ಆಗಸ್ಟ್ 7ರ ದಿನ ನಿಮಗೂ ನೆನಪಿರಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಕುಸ್ತಿಯ ಫೈನಲ್ ತಲುಪಿದ್ದರು. 50 ಕೆಜಿ ವಿಭಾಗ. ಬೆಳಿಗ್ಗೆ ತಕ್ಕಡಿ ಹತ್ತಿದಾಗ 100 ಗ್ರಾಂ ಜಾಸ್ತಿ ಬಂತು. ಪದಕ ಹೋಯಿತು. ರಾತ್ರಿಯೆಲ್ಲ ಬೆವರು ಹರಿಸಿದ್ದರು, ಊಟ ನೀರು ಬಿಟ್ಟಿದ್ದರು, ಕೊನೆಗೆ ಕೂದಲನ್ನೂ ಕತ್ತರಿಸಿದ್ದರು. ಅಷ್ಟೆಲ್ಲ ಆದ ಮೇಲೂ ಆ 100 ಗ್ರಾಂ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಟಿವಿ ಮುಂದೆ ನಿಂತು ಕೇಳಿದರು: "ನೂರು ಗ್ರಾಂ ಅಂದ್ರೆ ಒಂದು ಲೋಟ ಕಾಫಿ ಅಲ್ವಾ? ನಿನ್ನೆ ಸರಿ ಇದ್ದ ತೂಕ ಒಂದೇ ದಿನಕ್ಕೆ ಹೇಗೆ ಏರಿತು?"

ಒಳ್ಳೆಯ ಪ್ರಶ್ನೆ. ಅದರ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಇನ್ನೊಂದು ಕೆಲಸದವರ ಕಥೆ. ಕುಸ್ತಿಪಟು ಹೀಗೆ ತೂಕ ಇಳಿಸುವುದು ವರ್ಷಕ್ಕೆ ಕೆಲವು ಸಲ. ಕುದುರೆ ರೇಸಿನ ಜಾಕಿಗೆ ಇದು ಸೀಸನ್ ಪೂರ್ತಿ ಇರುವ ಪಾಡು, ರೇಸ್ ಇರುವ ಪ್ರತಿ ದಿನದ ಪಾಡು, ಎಷ್ಟೋ ಜನರಿಗೆ ಇಪ್ಪತ್ತು ಮೂವತ್ತು ವರ್ಷದ ಪಾಡು. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ನಾವು ದಿನಾ ಓಡಾಡುತ್ತೇವೆ. ಕಾಂಪೌಂಡಿನ ಆಚೆ ಕುದುರೆ ಓಡುವುದು ಗೊತ್ತು. ಅದರ ಮೇಲೆ ಕೂತವರು ಅವತ್ತು ಬೆಳಿಗ್ಗೆಯಿಂದ ಏನೂ ಕುಡಿದಿಲ್ಲದೆ ಇರಬಹುದು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಜಾಕಿ ಹಗುರ ಇರಬೇಕು ಅನ್ನುವುದು ಯಾಕೆ?

ಹಗುರ ಇದ್ದರೆ ಕುದುರೆ ಜೋರಾಗಿ ಓಡುತ್ತದೆ, ಅಷ್ಟೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ವಿಷಯ ಅಷ್ಟು ಸರಳವಾಗಿಲ್ಲ.

ಎಲ್ಲ ಕುದುರೆಗಳೂ ಒಂದೇ ಸಮ ಇರುವುದಿಲ್ಲ. ಒಳ್ಳೆಯ ಕುದುರೆಯನ್ನೂ ಸಾಧಾರಣ ಕುದುರೆಯನ್ನೂ ಸುಮ್ನೆ ಒಟ್ಟಿಗೆ ಓಡಿಸಿದರೆ ಯಾವುದು ಗೆಲ್ಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಆಗ ರೇಸ್ ನೋಡುವವರು ಯಾರು? ಅದಕ್ಕೆ ಹ್ಯಾಂಡಿಕ್ಯಾಪ್ ಅನ್ನುವ ಪದ್ಧತಿ ಬಂತು. ಅಣ್ಣ ತಮ್ಮ ಇಬ್ಬರಿಗೂ ಓಟದ ಪಂದ್ಯ ಇಟ್ಟು, ಅಣ್ಣನ ಹೆಗಲಿಗೆ ಐದು ಕಿಲೋ ಅಕ್ಕಿ ಚೀಲ ಹೊರಿಸಿದ ಹಾಗೆ. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ಭಾರ, ಹಿಂದೆ ಬೀಳುವ ಕುದುರೆಗೆ ಕಡಿಮೆ ಭಾರ. ಯಾವ ಕುದುರೆಗೆ ಎಷ್ಟು ಅಂತ ಗೊತ್ತುಮಾಡಲು ಹ್ಯಾಂಡಿಕ್ಯಾಪರ್ ಅಂತ ಒಬ್ಬ ಅಧಿಕಾರಿಯೇ ಇರುತ್ತಾರೆ.

ನಮ್ಮ ದೇಶದ ರೇಸ್ ಕಾರ್ಡಿನಲ್ಲಿ ಈ ಭಾರ ಕಿಲೋದಲ್ಲಿ, ಅರ್ಧ ಅರ್ಧ ಕಿಲೋ ವ್ಯತ್ಯಾಸದಲ್ಲಿ ಬರೆದಿರುತ್ತದೆ. ಕುದುರೆಯ ಹೆಸರಿನ ಪಕ್ಕ 60 ಅಂತಲೋ 53.5 ಅಂತಲೋ ಇರುತ್ತದಲ್ಲ, ಅದೇ. ಬ್ರಿಟನ್ನಿನಲ್ಲಿ ಸ್ಟೋನ್ ಮತ್ತು ಪೌಂಡ್ ಲೆಕ್ಕ. ಅಮೆರಿಕದಲ್ಲಿ ಬರೀ ಪೌಂಡ್.

ರೇಸ್ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಅದಕ್ಕೆ ಒಂದೆರಡು ಕಿಲೋ ಯಾವ ಲೆಕ್ಕ ಅನಿಸಬಹುದು. ಆದರೆ ಮೈಲಿಗಟ್ಟಲೆ ಓಡಿದ ಕುದುರೆಗಳು ಕೊನೆಗೆ ಗೆಲ್ಲುವುದು ಕತ್ತಿನ ಅಂತರದಲ್ಲಿ, ಮೂಗಿನ ಅಂತರದಲ್ಲಿ. ಒಂದು ಮೈಲಿಯ ಓಟದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಅಂದರೆ ಒಂದು ಕುದುರೆಯಷ್ಟು ಉದ್ದ ಅಂತ ರೇಸಿನವರ ಹಳೆಯ ಲೆಕ್ಕವಿದೆ. ಅದು ಅಂದಾಜು ಮಾತ್ರ. ಆದರೆ ಕುದುರೆಯ ಮಾಲೀಕರು, ಟ್ರೇನರ್‌ಗಳು ಜಾಕಿಯನ್ನು ಆರಿಸುವಾಗ ಈ ಅಂದಾಜನ್ನು ತಲೆಯಲ್ಲಿ ಇಟ್ಟುಕೊಂಡೇ ಆರಿಸುತ್ತಾರೆ.

ಕುದುರೆಗೆ 52 ಅಂತ ಬರೆದಿದ್ದರೆ ಅದು ಹೊರುವ ಭಾರ ಸರಿಯಾಗಿ 52 ಇರಬೇಕು. ಜಾಕಿ ಅದಕ್ಕಿಂತ ಹಗುರ ಇದ್ದರೆ ತೊಂದರೆ ಇಲ್ಲ. ಜೀನಿನ ಕೆಳಗಿನ ಬಟ್ಟೆಯ ಜೇಬಿನಲ್ಲಿ ಸೀಸದ ತುಂಡುಗಳನ್ನು ಇಟ್ಟು ತೂಕ ಸರಿಮಾಡಬಹುದು. ಜಾಕಿಯೇ ಭಾರ ಇದ್ದರೆ? ಆಗ ತೆಗೆಯುವುದಕ್ಕೆ ಏನೂ ಇಲ್ಲ, ಅವರ ಮೈ ಬಿಟ್ಟು. ಸ್ವಲ್ಪ ಹೆಚ್ಚಾದರೆ "ಓವರ್‌ವೇಟ್" ಅಂತ ಘೋಷಿಸಿ ಓಡಿಸಬಹುದು. ಆದರೆ ಅಂಥ ಜಾಕಿಗೆ ಮುಂದಿನ ಸಲ ಕುದುರೆ ಸಿಗುವುದು ಕಷ್ಟ. ಹೆಚ್ಚಿನ ಜಾಕಿಗಳು ಕಂಪನಿ ನೌಕರರಲ್ಲ. ಎಷ್ಟು ಕುದುರೆ ಏರಿದರೋ ಅಷ್ಟಕ್ಕೆ ದುಡ್ಡು, ಗೆದ್ದರೆ ಬಹುಮಾನದಲ್ಲಿ ಪಾಲು. ಇವತ್ತು ಕೈಬಿಟ್ಟ ಕುದುರೆ ನಾಳೆ ಬೇರೆಯವರದ್ದು.

ನಡುವೆ ಒಂದು ಮಾತು. ನಮ್ಮ ಕರಾವಳಿಯ ಕಂಬಳದಲ್ಲಿ ಕೋಣ ಓಡಿಸುವವರನ್ನೂ ಪತ್ರಿಕೆಗಳು ಜಾಕಿ ಅಂತಲೇ ಬರೆಯುತ್ತವೆ. ಆದರೆ ಅವರು ಕೋಣದ ಮೇಲೆ ಕೂರುವುದಿಲ್ಲ, ಹಿಂದೆ ಕೆಸರಿನಲ್ಲಿ ಓಡುತ್ತಾರೆ. ಅವರಿಗೆ ಬೇಕಾಗಿರುವುದು ಕಾಲಿನ ಬಲ. ಹಾಗಾಗಿ ಈ ತೂಕದ ಗೋಳು ಅವರಿಗಿಲ್ಲ.

ತಕ್ಕಡಿಯ ಮೇಲೆ ಎರಡು ಸಲ

ಪ್ರತಿ ರೇಸಿಗೂ ಮೊದಲು ಜಾಕಿ ತಕ್ಕಡಿ ಹತ್ತಬೇಕು. ಒಬ್ಬರೇ ಅಲ್ಲ. ರೇಸಿನ ಬಣ್ಣದ ಅಂಗಿ, ಬೂಟು ಹಾಕಿಕೊಂಡು, ಜೀನು, ಅದರ ಪಟ್ಟಿ, ಸೀಸದ ಬಟ್ಟೆ ಎಲ್ಲವನ್ನೂ ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಕೂರುತ್ತಾರೆ. ಬಹಳ ಕಡೆ ಹೆಲ್ಮೆಟ್ ಮತ್ತು ಚಾವಟಿ ಲೆಕ್ಕಕ್ಕೆ ಬರುವುದಿಲ್ಲ. ಎದುರಿಗೆ ಕೂತ ಅಧಿಕಾರಿಗೆ ಕ್ಲರ್ಕ್ ಆಫ್ ದಿ ಸ್ಕೇಲ್ಸ್ ಅನ್ನುತ್ತಾರೆ. ಮುಳ್ಳು ಎಲ್ಲಿ ನಿಂತಿತು ಅಂತ ಅವರು ಬರೆದುಕೊಳ್ಳುತ್ತಾರೆ.

ರೇಸ್ ಮುಗಿದ ಮೇಲೆ ಮತ್ತೆ ತಕ್ಕಡಿ. ದಾರಿಯಲ್ಲಿ ಸೀಸ ಎಸೆದು ಕುದುರೆಯನ್ನು ಹಗುರ ಮಾಡಿಕೊಂಡಿಲ್ಲ ಅಂತ ಖಾತ್ರಿಯಾಗಬೇಕಲ್ಲ. ತೂಕ ಮಿತಿಗಿಂತ ಕಡಿಮೆ ಬಂದರೆ ಗೆದ್ದ ಕುದುರೆಯೂ ಅನರ್ಹ.

ಇಲ್ಲಿ ಒಂದು ಲೆಕ್ಕ ನೋಡಿ. ಕುದುರೆಗೆ 52 ಕಿಲೋ ಅಂದರೆ ಜಾಕಿಯ ಮೈ 52 ಇರಬಹುದು ಅಂತಲ್ಲ. ಅತಿ ಹಗುರವಾದ ಜೀನು, ಕಾಗದದಂತೆ ತೆಳುವಾದ ಬೂಟು, ಬಟ್ಟೆ ಎಲ್ಲ ಸೇರಿ ಒಂದೂವರೆ ಕಿಲೋ ಅಂತ ಇಟ್ಟುಕೊಳ್ಳಿ. ಉಳಿದದ್ದು 50.5. ಒಬ್ಬ ಜಾಕಿ ದಿನಾ ಒಂದಿಷ್ಟು ಉಂಡು ತಿಂದು ಇರುವಾಗ 52.5 ಕಿಲೋ ತೂಗುತ್ತಾರೆ ಅನ್ನೋಣ. ಭಾನುವಾರದ ನಾಲ್ಕನೇ ರೇಸಿಗೆ ಒಂದು ಒಳ್ಳೆಯ ಕುದುರೆ ಸಿಕ್ಕಿದೆ, ಅದು ಗೊತ್ತಾಗಿದ್ದು ಶುಕ್ರವಾರ. ಎರಡು ದಿನ. ಎರಡು ಕಿಲೋ.

ಆ ಎರಡು ಕಿಲೋ ಕೊಬ್ಬು ಅಲ್ಲ

ಈಗ ಅಮ್ಮನ ಪ್ರಶ್ನೆಗೆ ಬರೋಣ. ತೂಕ ಅಂದರೆ ಏನು?

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಉರಿಯಬೇಕು. ಎರಡು ಕಿಲೋಗೆ 15,400. ಐವತ್ತು ಚಿಲ್ಲರೆ ಕಿಲೋದ, ಓಡಾಡಿಕೊಂಡಿರುವ ಒಬ್ಬರ ದೇಹ ದಿನಕ್ಕೆ ಉರಿಸುವುದು ಎರಡು ಸಾವಿರದ ಆಸುಪಾಸು. ಎರಡು ದಿನ ಒಂದು ಅಗುಳೂ ಬಾಯಿಗೆ ಹಾಕದೆ ಉಪವಾಸ ಕೂತರೂ ನಾಲ್ಕು ಸಾವಿರ ಕ್ಯಾಲೊರಿ ಆಯಿತು. ಅಂದರೆ ಅರ್ಧ ಕಿಲೋ ಕೊಬ್ಬು. ಮಿಕ್ಕ ಒಂದೂವರೆ ಕಿಲೋ ಎಲ್ಲಿಂದ ಬರಬೇಕು?

ನೀರಿನಿಂದ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದೇ ನೀರು. ಒಂದು ಲೀಟರ್ ಬೆವರು ಹರಿದರೆ ತಕ್ಕಡಿಯಲ್ಲಿ ಒಂದು ಕಿಲೋ ಇಳಿಯುತ್ತದೆ. ಬಿಸಿಯಲ್ಲಿ ಜೋರಾಗಿ ವ್ಯಾಯಾಮ ಮಾಡಿದರೆ ಗಂಟೆಯೊಳಗೆ ಅಷ್ಟು ಬೆವರು ಬಂದೇ ಬಿಡುತ್ತದೆ. ಇನ್ನೊಂದು ವಿಷಯವೂ ಇದೆ. ಅನ್ನ, ರೊಟ್ಟಿ ತಿಂದಾಗ ಅದರ ಸಕ್ಕರೆಯ ಒಂದು ಪಾಲನ್ನು ದೇಹ ಗ್ಲೈಕೋಜನ್ ಅನ್ನುವ ರೂಪದಲ್ಲಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಊಟ ಬಿಟ್ಟರೆ ಗ್ಲೈಕೋಜನ್ ಖರ್ಚಾಗುತ್ತದೆ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಹೊಸದಾಗಿ ಡಯೆಟ್ ಶುರು ಮಾಡಿದವರು "ಮೊದಲ ವಾರವೇ ಎರಡು ಕಿಲೋ ಇಳಿಯಿತು" ಅಂತ ಖುಷಿ ಪಡುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಇದೇ ನೀರು.

ಹೀಗೆ ಹೋದದ್ದು ಹೀಗೇ ವಾಪಸ್ ಬರುತ್ತದೆ. ಒಂದು ಊಟ, ಎರಡು ಬಾಟಲಿ ನೀರು, ತೂಕ ಮತ್ತೆ ಮೊದಲಿನಷ್ಟೇ. ವಿನೇಶ್ ಮೊದಲ ದಿನದ ತೂಕದಲ್ಲಿ ಪಾಸಾಗಿ, ಮೂರು ಕುಸ್ತಿ ಆಡುವುದಕ್ಕೆ ಬೇಕಾದಷ್ಟು ತಿಂದು ಕುಡಿದಾಗ ತೂಕ ಏರಿದ್ದು ಹೀಗೆ. ಒಣಗಿದ ಸ್ಪಂಜು ನೀರು ಹೀರಿದ ಹಾಗೆ. ಆದರೆ ಕುಸ್ತಿಯವರಿಗೆ ತೂಕ ಆದ ಮೇಲೆ ನೀರು ಕುಡಿಯುವುದಕ್ಕೆ ಕೆಲವು ಗಂಟೆಯಾದರೂ ಸಿಗುತ್ತದೆ. ಜಾಕಿಗೆ ಅದೂ ಇಲ್ಲ. ತಕ್ಕಡಿಯಿಂದ ಇಳಿದ ಸ್ವಲ್ಪ ಹೊತ್ತಿಗೆ ಕುದುರೆ ಏರಬೇಕು. 52ರ ಕುದುರೆ ಇರುವುದು ಕೊನೆಯ ರೇಸಿನಲ್ಲಾದರೆ, ಮಧ್ಯದಲ್ಲಿ 57ರ, 58ರ ಕುದುರೆಗಳನ್ನು ಏರಿದರೂ, ಬಿಸಿಲಿನಲ್ಲಿ ಇಡೀ ಮಧ್ಯಾಹ್ನ ಬಾಯಿ ಒಣಗಿಸಿಕೊಂಡೇ ಇರಬೇಕು. ಐಸ್ ಚೂರು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಗುಟುಕು ನೀರು ಬಾಯಲ್ಲಿ ಮುಕ್ಕಳಿಸಿ ಉಗಿಯುತ್ತಾರೆ.

ಬೆವರು ಹರಿಸುವ ದಾರಿಗಳು

ಈ ತೂಕ ಇಳಿಸುವ ಕೆಲಸಕ್ಕೆ ಇಂಗ್ಲೆಂಡಿನ ರೇಸಿನವರು ಇಟ್ಟ ಹೆಸರು "ವೇಸ್ಟಿಂಗ್". ಅಂದರೆ ಸೊರಗುವುದು. ಹೆಸರೇ ಎಲ್ಲ ಹೇಳುತ್ತದೆ.

ಮೈಮೇಲೆ ಪ್ಲಾಸ್ಟಿಕ್ ಸೂಟು, ಅದರ ಮೇಲೆ ಸ್ವೆಟರ್ ಹಾಕಿ ಓಡುವುದು ಒಂದು ದಾರಿ. ಸೌನಾ, ಅಂದರೆ ಬೆವರು ಹರಿಯುವಷ್ಟು ಬಿಸಿ ಮಾಡಿದ ಮುಚ್ಚಿದ ಕೋಣೆ, ಇನ್ನೊಂದು. ಅಮೆರಿಕದ ಜಾಕಿಗಳು ಅದಕ್ಕೆ ಹಾಟ್ ಬಾಕ್ಸ್ ಅನ್ನುತ್ತಾರೆ. ಮನೆಯಲ್ಲೇ ಮಾಡುವವರು ಬಿಸಿನೀರಿನ ಟಬ್ ಹಿಡಿಯುತ್ತಾರೆ. ನೀರು ಎಷ್ಟು ಬಿಸಿ ಅಂದರೆ ಪೂರ್ತಿ ಇಳಿಯುವುದಕ್ಕೇ ಕೆಲವು ನಿಮಿಷ ಬೇಕು. ಇಪ್ಪತ್ತು ನಿಮಿಷ ಕತ್ತಿನವರೆಗೆ ಮುಳುಗಿ ಕೂತು, ಎದ್ದು, ಟವೆಲ್ ಸುತ್ತಿಕೊಂಡು ಮಲಗಿ ಮತ್ತೆ ಬೆವರುವುದು. ತಕ್ಕಡಿ ನೋಡುವುದು. ಇನ್ನೂ 300 ಗ್ರಾಂ ಇದ್ದರೆ ಮತ್ತೆ ಟಬ್ಬು. ಐದು ಅಡಿ ಹತ್ತು ಇಂಚು ಎತ್ತರ ಇದ್ದು ಬ್ರಿಟನ್ನಿನ ಜಂಪ್ ರೇಸಿನಲ್ಲಿ (ಕುದುರೆ ಬೇಲಿಗಳನ್ನು ಹಾರುತ್ತಾ ಓಡುವ ರೇಸು) 20 ಸಲ ಚಾಂಪಿಯನ್ ಆದ ಟೋನಿ ಮೆಕಾಯ್ ಇಂಥ ಬಿಸಿನೀರಿನ ಸ್ನಾನಕ್ಕೇ ಹೆಸರಾಗಿದ್ದರು.

ಹಸಿವು ಸಾಯಿಸಲು ಸಿಗರೇಟು, ಕಪ್ಪು ಕಾಫಿ. ಮೂತ್ರ ಹೆಚ್ಚು ಹೋಗಲು ಮಾತ್ರೆ. ಈ ಮಾತ್ರೆಗಳು ಈಗ ಕ್ರೀಡೆಗಳ ನಿಷೇಧಿತ ಪಟ್ಟಿಯಲ್ಲಿವೆ. ಇನ್ನೊಂದು ದಾರಿಯನ್ನು ಹೇಳುವುದಕ್ಕೂ ಸಂಕಟವಾಗುತ್ತದೆ. ತಿಂದದ್ದನ್ನು ತಾವೇ ವಾಂತಿ ಮಾಡಿಕೊಳ್ಳುವುದು. ಅಮೆರಿಕದ ಜಾಕಿಗಳ ಭಾಷೆಯಲ್ಲಿ ಅದಕ್ಕೆ ಫ್ಲಿಪಿಂಗ್ ಅಂತ ಹೆಸರು. ಅಲ್ಲಿನ ಕೆಲವು ರೇಸ್ ಕೋರ್ಸ್‌ಗಳಲ್ಲಿ ಜಾಕಿಗಳ ಕೋಣೆಯಲ್ಲೇ ಅದಕ್ಕೆ ಅಂತ ಬೇರೆ ಪಿಂಗಾಣಿ ತೊಟ್ಟಿ ಇತ್ತು. ಹಲ್ಲುಜ್ಜುವ ಬೇಸಿನ್ ಇದ್ದ ಹಾಗೆ.

ರ‍್ಯಾಂಡಿ ರೊಮೆರೊ ಅಂತ ಅಮೆರಿಕದ ಒಬ್ಬ ದೊಡ್ಡ ಜಾಕಿ ಇದ್ದರು. ನಾಲ್ಕು ಸಾವಿರಕ್ಕೂ ಹೆಚ್ಚು ರೇಸ್ ಗೆದ್ದವರು. 1983ರಲ್ಲಿ ಅರ್ಕನ್ಸಾಸ್‌ನ ಓಕ್‌ಲಾನ್ ಪಾರ್ಕಿನ ಹಾಟ್ ಬಾಕ್ಸ್‌ನಲ್ಲಿ ಬೆವರು ಹರಿಸುತ್ತಿದ್ದಾಗ, ಮೈಗೆ ಹಚ್ಚಿಕೊಂಡಿದ್ದ ಆಲ್ಕೋಹಾಲಿಗೆ ಒಡೆದ ಬಲ್ಬಿನಿಂದ ಬೆಂಕಿ ತಗುಲಿತು. ಮೈಯ ಅರ್ಧಕ್ಕಿಂತ ಜಾಸ್ತಿ ಸುಟ್ಟಿತು. ಅವರು ಬದುಕಿದರು, ಮತ್ತೆ ಕುದುರೆ ಏರಿದರು, 1988ರಲ್ಲಿ ಪರ್ಸನಲ್ ಎನ್ಸೈನ್ ಅನ್ನುವ ಒಂದೂ ರೇಸ್ ಸೋಲದ ಹೆಣ್ಣು ಕುದುರೆಯನ್ನು ಅದರ ಕೊನೆಯ ರೇಸಿನಲ್ಲಿ ಗೆಲ್ಲಿಸಿದರು. ಮುಂದೆ ಅವರ ಕಿಡ್ನಿ, ಲಿವರ್ ಎರಡೂ ಕೈಕೊಟ್ಟವು. ತೂಕಕ್ಕಾಗಿ ವರ್ಷಗಟ್ಟಲೆ ವಾಂತಿ ಮಾಡಿಕೊಂಡಿದ್ದನ್ನು ಅವರೇ ಮುಚ್ಚಿಡದೆ ಹೇಳಿಕೊಂಡರು. 2019ರಲ್ಲಿ ತೀರಿಕೊಂಡರು.

ದೇಹದೊಳಗೆ ಏನಾಗುತ್ತದೆ?

ಮೊದಲು ರಕ್ತ. ಬೆವರಿನ ನೀರು ಬರುವುದು ಕೊನೆಗೆ ರಕ್ತದಿಂದಲೇ. ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ. ಟ್ಯಾಂಕಿನಲ್ಲಿ ನೀರು ಕಡಿಮೆ ಇದ್ದಾಗ ಪಂಪು ಹೇಗೆ ಒದ್ದಾಡುತ್ತದೋ ಹಾಗೆ ಹೃದಯ ಹೆಚ್ಚು ಸಲ ಬಡಿದುಕೊಳ್ಳುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ. ದೇಹದ ತೂಕದ ಶೇ 2ರಷ್ಟು ನೀರು ಹೋದರೇ ದಮ್ಮು ಕಡಿಮೆಯಾಗುತ್ತದೆ ಅನ್ನುತ್ತಾರೆ ಕ್ರೀಡಾ ವೈದ್ಯರು. ನಮ್ಮ 52.5 ಕಿಲೋದ ಜಾಕಿಗೆ ಅದು ಒಂದೇ ಲೀಟರ್. ಅವರು ಇಳಿಸಬೇಕಾದದ್ದು ಶೇ 4ರ ಹತ್ತಿರ.

ಐರ್ಲೆಂಡಿನ ಡಬ್ಲಿನ್ ಸಿಟಿ ಯೂನಿವರ್ಸಿಟಿಯ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಜಾಕಿಗಳಿಗೆ 48 ಗಂಟೆಯಲ್ಲಿ ಶೇ 4ರಷ್ಟು ತೂಕ ಇಳಿಸಿ ಅಂದರು, ಅವರಿಗೆ ಅಭ್ಯಾಸ ಇರುವ ದಾರಿಯಲ್ಲೇ. ಮೈಯ ಶಕ್ತಿ ಸ್ಪಷ್ಟವಾಗಿ ಕುಗ್ಗಿತ್ತು. ಆದರೆ ಗಮನ, ಚುರುಕು ಅಳೆಯುವ ಪರೀಕ್ಷೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ತಲೆ ಚುರುಕಾಗಿಯೇ ಇರಬಹುದು, ಕೈಕಾಲು ಮಾತ್ರ ಬೇಗ ಸೋಲುತ್ತವೆ. 500 ಕಿಲೋದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ, ಜಾಕಿ ಜೀನಿನ ಮೇಲೆ ಕೂತಿರುವುದಿಲ್ಲ. ರಿಕಾಪಿನಲ್ಲಿ ಕಾಲ ತುದಿ ಊರಿ, ಮಂಡಿ ಮಡಚಿ, ಬೆನ್ನು ಬಾಗಿಸಿ ಗಾಳಿಯಲ್ಲಿ ನಿಂತಿರುತ್ತಾರೆ. ಗೋಡೆಗೆ ಒರಗದೆ ಕುರ್ಚಿ ಭಂಗಿಯಲ್ಲಿ ಎರಡು ನಿಮಿಷ ನಿಂತು ನೋಡಿ, ತೊಡೆ ನಡುಗುವುದು ಗೊತ್ತಾಗುತ್ತದೆ.

ಎರಡನೆಯದು ಶಾಖ. ಬೆವರು ಇರುವುದೇ ಮೈ ತಂಪು ಮಾಡುವುದಕ್ಕೆ. ಬೆವರಲು ನೀರೇ ಇಲ್ಲದಿದ್ದರೆ ಒಳಗಿನ ಶಾಖ ಏರುತ್ತಾ ಹೋಗುತ್ತದೆ. ಇದು ಎಷ್ಟು ಅಪಾಯ ಅಂತ ಗೊತ್ತಾಗಿದ್ದು 1997ರ ಕೊನೆಯಲ್ಲಿ. ಅಮೆರಿಕದ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಕುಸ್ತಿ ಹುಡುಗರು, ಐದು ವಾರದೊಳಗೆ, ತೂಕ ಇಳಿಸುತ್ತಲೇ ಸತ್ತರು. ಬೆವರಿಗಾಗಿ ಗಾಳಿಯಾಡದ ಸೂಟು ಹಾಕಿಕೊಂಡು ಕಸರತ್ತು ಮಾಡುತ್ತಿದ್ದರು. ಅದಾದ ಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಅಂಥ ಸೂಟು, ಸೌನಾ ಎರಡನ್ನೂ ನಿಷೇಧಿಸಿದರು.

ಕಿಡ್ನಿಗಳ ಕೆಲಸ ರಕ್ತ ಸೋಸುವುದು. ನೀರು ಕಡಿಮೆ ಇದ್ದಾಗ ಮೂತ್ರ ಗಟ್ಟಿಯಾಗುತ್ತದೆ, ಕಡು ಬಣ್ಣಕ್ಕೆ ತಿರುಗುತ್ತದೆ. ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು. ವಾಂತಿ, ಮೂತ್ರದ ಮಾತ್ರೆ ಎರಡರಲ್ಲೂ ಪೊಟ್ಯಾಸಿಯಂ ಕಳೆದುಹೋಗುತ್ತದೆ. ಹೃದಯದ ಬಡಿತ ತಾಳ ತಪ್ಪದೆ ಇರಬೇಕಾದರೆ ಆ ಉಪ್ಪು ಬೇಕೇ ಬೇಕು. ವಾಂತಿಯ ಆಮ್ಲ ಹಲ್ಲಿನ ಹೊಳಪಿನ ಪದರವನ್ನು ತಿಂದುಹಾಕುತ್ತದೆ.

ಇವೆಲ್ಲ ಆಗಿಂದಾಗಲೇ ಗೊತ್ತಾಗುವ ತೊಂದರೆಗಳು. ಸದ್ದಿಲ್ಲದೆ ಆಗುವುದು ಮೂಳೆಯಲ್ಲಿ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಮೂಳೆ ಅಂದರೆ ಒಮ್ಮೆ ಕಟ್ಟಿದ ಗೋಡೆಯಲ್ಲ. ದಿನಾ ಒಂದಿಷ್ಟು ಕೆಡವಿ ಒಂದಿಷ್ಟು ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ. ಕಟ್ಟುವುದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನ್ ಬೇಕು. ಜೊತೆಗೆ ಹಾರ್ಮೋನ್‌ಗಳು ಬೇಕು. ಊಟ ಸಾಲದೆ ಬಂದಾಗ ದೇಹ ಮನೆಯ ಯಜಮಾನಿಯ ಹಾಗೆ ಖರ್ಚು ಬಿಗಿ ಮಾಡುತ್ತದೆ. ಹೃದಯ, ಮೆದುಳಿಗೆ ಮೊದಲು ಕೊಟ್ಟು, ಆಮೇಲೆ ಮಾಡಿದರಾಯಿತು ಅನ್ನುವ ಕೆಲಸಗಳನ್ನು ಮುಂದಕ್ಕೆ ಹಾಕುತ್ತದೆ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಇಳಿಯಬಹುದು. ಹೆಂಗಸರಲ್ಲಿ ಈಸ್ಟ್ರೋಜನ್ ಇಳಿದು ಮುಟ್ಟು ನಿಲ್ಲಬಹುದು. ಎರಡೂ ಮೂಳೆ ಕಟ್ಟುವ ಹಾರ್ಮೋನ್‌ಗಳೇ. ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಒಂದು ಹೆಸರನ್ನೂ ಕೊಟ್ಟರು. ಆರ್‌ಇಡಿ-ಎಸ್ ಅಂತ. ಆಟಕ್ಕೆ ಖರ್ಚಾದ ಶಕ್ತಿಗೆ ತಕ್ಕಷ್ಟು ಊಟ ಸಿಗದೆ ದೇಹದ ಬೇರೆ ಬೇರೆ ಕೆಲಸಗಳು ಕುಂಟುವುದು ಅಂತ ಅದರ ಅರ್ಥ.

ಐರ್ಲೆಂಡಿನ ಜಾಕಿಗಳ ಮೂಳೆ ಸ್ಕ್ಯಾನ್ ಮಾಡಿದಾಗ, ಫ್ಲಾಟ್ ರೇಸಿನವರಲ್ಲಿ (ಬೇಲಿ ಹಾರುವುದಿಲ್ಲದ ಸಪಾಟು ಓಟದವರಲ್ಲಿ) ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಜಾಗದಲ್ಲಿ ಮೂಳೆಯ ಸಾಂದ್ರತೆ ಇರಬೇಕಾದದ್ದಕ್ಕಿಂತ ಕಡಿಮೆ ಇತ್ತು. ಅವರೇನು ಮುದುಕರಲ್ಲ. ಮತ್ತು ಬೀಳುವುದು ಅವರ ಕೆಲಸದ ಒಂದು ಭಾಗ. ರೇಸ್ ನಡೆಯುವಾಗ ಕುದುರೆಗಳ ಹಿಂದೆಯೇ ಒಂದು ಆಂಬ್ಯುಲೆನ್ಸ್ ಓಡುವುದನ್ನು ನೀವು ನೋಡಿರಬಹುದು.

ಹುಡುಗ ಬೆಳೆಯುವ ವಯಸ್ಸು

ಜಾಕಿಗಳಾಗಲು ಬರುವವರು ಹದಿಹರೆಯದವರು. ಕಲಿಯುವ ಜಾಕಿಗೆ ಅಪ್ರೆಂಟಿಸ್ ಅನ್ನುತ್ತಾರೆ. ಅನುಭವ ಕಡಿಮೆ ಅಂತ ಅವರಿಗೆ ಒಂದು ರಿಯಾಯಿತಿ ಇದೆ. ಅವರು ಏರುವ ಕುದುರೆ ನಿಗದಿಗಿಂತ ಕೆಲವು ಕಿಲೋ ಕಡಿಮೆ ಹೊತ್ತರೆ ಸಾಕು. ಅದನ್ನು ಕೊಟ್ಟಿರುವುದು ಅವರಿಗೆ ಅವಕಾಶ ಸಿಗಲಿ ಅಂತ, ಸಿಗುತ್ತದೆ ಕೂಡ. ಆದರೆ ಲೆಕ್ಕ ಹಾಕಿ ನೋಡಿ. ಆ ರಿಯಾಯಿತಿ ಉಪಯೋಗಕ್ಕೆ ಬರಬೇಕಾದರೆ ಹುಡುಗ ಅನುಭವಸ್ಥ ಜಾಕಿಗಿಂತಲೂ ಹಗುರ ಇರಬೇಕು. ಹದಿನಾರರಿಂದ ಇಪ್ಪತ್ತರ ಆ ವಯಸ್ಸಿನಲ್ಲೇ ಮೈ ಬೆಳೆಯುವುದು, ಮೂಳೆ ಗಟ್ಟಿಯಾಗುವುದು. ಆಗ ಕಟ್ಟದೆ ಬಿಟ್ಟ ಮೂಳೆಯನ್ನು ನಲವತ್ತರಲ್ಲಿ ಕಟ್ಟುವುದಕ್ಕೆ ಆಗುವುದಿಲ್ಲ.

ಜೊತೆಗೆ ಒಂದೊಂದು ಪೀಳಿಗೆಯೂ ಹಿಂದಿನದಕ್ಕಿಂತ ಎತ್ತರವಾಗಿ ಬೆಳೆಯುತ್ತಿದೆ. ನಮ್ಮ ಮನೆಗಳಲ್ಲೇ ಮಕ್ಕಳು ಅಪ್ಪನ ತಲೆ ಮೀರಿ ಬೆಳೆದಿರುವುದನ್ನು ನೋಡುತ್ತೇವಲ್ಲ. ಐರ್ಲೆಂಡಿನ ಜಾಕಿ ತರಬೇತಿ ಶಾಲೆಗೆ ಸೇರುವ ಮಕ್ಕಳ ತೂಕ 1970ರ ದಶಕದ ಕೊನೆಯಿಂದ ಈಚೆಗೆ ತುಂಬಾ ಏರಿದೆ. ರೇಸಿನ ಕನಿಷ್ಠ ತೂಕ ಏರಿದ್ದು ಬಹಳ ಸ್ವಲ್ಪ.

ಕೆಲವರಿಗೆ ಹುಟ್ಟಿನಿಂದಲೇ ಸುಲಭ, ಕೆಲವರಿಗೆ ಇಲ್ಲ

ಅಮೆರಿಕದ ಬಿಲ್ ಶೂಮೇಕರ್ ಐದು ಅಡಿಯೂ ಇರಲಿಲ್ಲ. ತೂಕ 45 ಕಿಲೋದ ಆಸುಪಾಸು. ಅವರಿಗೆ ತೂಕ ಒಂದು ಚಿಂತೆಯೇ ಆಗಿರಲಿಲ್ಲ. ಅವರು 8,833 ರೇಸ್ ಗೆದ್ದು ದಾಖಲೆ ಮಾಡಿದ್ದರು. 1999ರ ಡಿಸೆಂಬರ್‌ನಲ್ಲಿ ಅದನ್ನು ಮುರಿದವರು ಪನಾಮಾದಿಂದ ಬಂದ ಲಫಿಟ್ ಪಿಂಕೈ. ಅವರದ್ದು ಗಟ್ಟಿಮುಟ್ಟಾದ ಮೈಕಟ್ಟು. ಜೀವನವಿಡೀ ತೂಕದ ಜೊತೆ ಗುದ್ದಾಟ. ವಿಮಾನದಲ್ಲಿ ಒಂದು ಶೇಂಗಾ ಬೀಜವನ್ನು ಎರಡು ಮಾಡಿ, ಅರ್ಧ ತಿಂದು, ಇನ್ನರ್ಧವನ್ನು ಆಮೇಲೆ ಬೇಕು ಅಂತ ಎತ್ತಿಟ್ಟುಕೊಂಡರು ಅಂತ ಅವರ ಬಗ್ಗೆ ಇವತ್ತಿಗೂ ರೇಸಿನವರು ಹೇಳುತ್ತಾರೆ. 2003ರಲ್ಲಿ ನಿವೃತ್ತರಾದಾಗ ಅವರ ಗೆಲುವು 9,530.

ಇಂಗ್ಲೆಂಡಿನ ಫ್ರೆಡ್ ಆರ್ಚರ್ ಕಥೆ ಇನ್ನೂ ಹಳೆಯದು, ಇನ್ನೂ ದುಃಖದ್ದು. 1874ರಿಂದ 1886ರವರೆಗೆ ಸತತ 13 ಸಲ ಚಾಂಪಿಯನ್. ಜಾಕಿಗೆ ಬಹಳ ಎತ್ತರದ ಆಳು. ಭೇದಿಗೆ ತಮ್ಮದೇ ಒಂದು ಕಷಾಯ ಮಾಡಿಸಿಕೊಂಡಿದ್ದರು. ಅದಕ್ಕೆ "ಆರ್ಚರ್ಸ್ ಮಿಕ್ಸ್ಚರ್" ಅಂತಲೇ ಹೆಸರು. 1886ರ ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಹ್ಯಾಂಡಿಕ್ಯಾಪ್ ರೇಸಿಗಾಗಿ ದಿನಗಟ್ಟಲೆ ಉಪವಾಸ ಮಾಡಿ ತೂಕ ಇಳಿಸಿದರು. ಆದರೂ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಸ್ವಲ್ಪ ಕಡಿಮೆ, ಹೆಚ್ಚೇ ಉಳಿಯಿತು. ಕುದುರೆ ತಲೆಯಂತರದಲ್ಲಿ ಸೋತಿತು. ಸೊರಗಿದ್ದ ಮೈಗೆ ಟೈಫಾಯ್ಡ್ ಹತ್ತಿತು. ನವೆಂಬರ್ 8ರಂದು, ಜ್ವರದ ಸ್ಥಿತಿಯಲ್ಲಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ವಯಸ್ಸು 29. ಎರಡು ವರ್ಷದ ಹಿಂದೆ ಹೆಂಡತಿ ಹೆರಿಗೆಯ ನಂತರ ತೀರಿಕೊಂಡಿದ್ದರು, ಆ ನೋವೂ ಇತ್ತು. ಹಾಗಾಗಿ ತೂಕ ಒಂದೇ ಕಾರಣ ಅನ್ನಲಾಗುವುದಿಲ್ಲ. ಆದರೆ ಹಸಿದ ಮೈಯಲ್ಲಿ ಮನಸ್ಸೂ ಹಸಿಯುತ್ತದೆ ಅನ್ನುವುದನ್ನು ಈಗ ವೈದ್ಯರೂ ಒಪ್ಪುತ್ತಾರೆ. ದಿನಗಟ್ಟಲೆ ಅರೆಹೊಟ್ಟೆ ಇದ್ದರೆ ಸಿಡುಕು, ನಿದ್ದೆ ಬಾರದಿರುವುದು, ಮಂಕು ಎಲ್ಲ ಬರುತ್ತವೆ.

ಹಾಗಾದರೆ ತೂಕದ ಮಿತಿಯನ್ನೇ ಏರಿಸಬಹುದಲ್ವಾ?

ಏರಿಸುತ್ತಿದ್ದಾರೆ, ನಿಧಾನವಾಗಿ. ಕೋವಿಡ್ ಬಂದಾಗ ಬ್ರಿಟನ್ನಿನ ರೇಸ್ ಕೋರ್ಸ್‌ಗಳಲ್ಲಿ ಸೌನಾಗಳನ್ನು ಮುಚ್ಚಬೇಕಾಯಿತು. ಸೌನಾ ಇಲ್ಲದೆಯೂ ರೇಸ್ ನಡೆಯಿತು. ಮತ್ತೆ ತೆರೆಯುವುದು ಬೇಡ ಅಂತ 2021ರಲ್ಲಿ ತೀರ್ಮಾನಿಸಿದರು. ಕನಿಷ್ಠ ತೂಕವನ್ನು ಎರಡು ಪೌಂಡ್ ಏರಿಸಿದರು. ಫ್ಲಾಟ್ ರೇಸಿನಲ್ಲಿ ಈಗ ಅದು 8 ಸ್ಟೋನ್ 2 ಪೌಂಡ್, ಅಂದರೆ 52 ಕಿಲೋಗೆ ಸ್ವಲ್ಪ ಕಡಿಮೆ.

ಇನ್ನೂ ಏರಿಸಬಾರದೇಕೆ ಅನ್ನುವುದಕ್ಕೆ ಎರಡು ಕಡೆಯ ಮಾತಿದೆ. ಕುದುರೆಯ ಕಾಲು ತೆಳ್ಳಗೆ, ಭಾರ ಹೆಚ್ಚಾದರೆ ಅದಕ್ಕೆ ಪೆಟ್ಟು ಅನ್ನುವುದು ಒಂದು. ಬೆಳಿಗ್ಗೆ ತಾಲೀಮಿನಲ್ಲಿ ಜಾಕಿಗಿಂತ ಭಾರದ ಸವಾರರನ್ನು ಹೊತ್ತು ಇದೇ ಕುದುರೆಗಳು ಓಡುವುದಿಲ್ಲವೇ ಅನ್ನುವುದು ಇನ್ನೊಂದು. ಮಿತಿ ಏರಿಸಿದರೆ ಇನ್ನೂ ಎತ್ತರದವರು ಬಂದು ಅವರೂ ಕೊನೆಯ ಎರಡು ಕಿಲೋಗಾಗಿ ಬೆವರುತ್ತಾರೆ ಅನ್ನುವವರೂ ಇದ್ದಾರೆ. ಅಮೆರಿಕದ ಕಾಲೇಜು ಕುಸ್ತಿಯವರು ಬೇರೆ ದಾರಿ ಹಿಡಿದರು. ಸೀಸನ್ ಶುರುವಿನಲ್ಲೇ ಮೂತ್ರ ಪರೀಕ್ಷೆ ಮಾಡಿ, ದೇಹದಲ್ಲಿ ನೀರು ಸಾಕಷ್ಟು ಇದೆ ಅಂತ ನೋಡಿ, ಕೊಬ್ಬು ಎಷ್ಟಿದೆ ಅಂತ ಅಳೆದು, ಇವರು ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಬ್ಬೊಬ್ಬರಿಗೂ ಗೊತ್ತುಮಾಡುತ್ತಾರೆ.

ಬೆವರು ಹರಿಸದೆ ಇಳಿಸಲು ಆಗುತ್ತದಾ?

ಆಗುತ್ತದೆ. ಲಿವರ್‌ಪೂಲ್ ಜಾನ್ ಮೂರ್ಸ್ ಯೂನಿವರ್ಸಿಟಿಯವರು ಒಬ್ಬ ಜಾಕಿಯ ಜೊತೆ ಕೂತು ಊಟವನ್ನೇ ಬದಲಿಸಿ ನೋಡಿದರು. ದಿನಕ್ಕೆ ಒಂದೇ ಸಲ ಗಬಗಬ ತಿಂದು ಮಿಕ್ಕ ಹೊತ್ತು ಹಸಿದಿರುವುದನ್ನು ಬಿಡಿಸಿದರು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನುವುದು. ಪ್ರೋಟೀನ್ ಜಾಸ್ತಿ, ಅಕ್ಕಿ ಬ್ರೆಡ್ಡಿನಂಥದ್ದು ಕಡಿಮೆ. ನೀರು ಬೇಕಾದಷ್ಟು. ಜೊತೆಗೆ ಹದವಾದ ವ್ಯಾಯಾಮ. ಒಂಬತ್ತು ವಾರದಲ್ಲಿ ಎಂಟು ಕಿಲೋ ಇಳಿಯಿತು. ಸೌನಾ ಬೇಕಾಗಲಿಲ್ಲ. ನಮ್ಮ ಅಡುಗೆಮನೆಯಲ್ಲೇ ಹುಡುಕಿದರೆ ಮೊಟ್ಟೆ, ಮೊಸರು, ಮೊಳಕೆಕಾಳಿನ ಉಸಲಿ, ಮೀನು ಇಂಥ ಊಟಕ್ಕೆ ಹೊಂದುತ್ತವೆ. ಬ್ರಿಟನ್, ಐರ್ಲೆಂಡ್ ಕಡೆ ಈಗ ಜಾಕಿಗಳಿಗೆ ಅಂತಲೇ ಊಟದ ತಜ್ಞರು ಸಿಗುತ್ತಾರೆ, ರೇಸ್ ಕೋರ್ಸಿನ ಜಾಕಿಗಳ ಕೋಣೆಯಲ್ಲಿ ಸರಿಯಾದ ಊಟವೂ ಸಿಗುವ ಹಾಗೆ ಮಾಡುತ್ತಿದ್ದಾರೆ.

ತೊಡಕು ಇರುವುದು ಸಮಯದಲ್ಲಿ. ಈ ದಾರಿಗೆ ಬೇಕಿರುವುದು ಒಂಬತ್ತು ವಾರ. ನಮ್ಮ ಜಾಕಿಗೆ ಫೋನು ಬಂದಿದ್ದು ಶುಕ್ರವಾರ ಸಂಜೆ, 52 ಕಿಲೋದ ಕುದುರೆ, ಭಾನುವಾರದ ನಾಲ್ಕನೇ ರೇಸು, ಏರುತ್ತೀರಾ ಇಲ್ಲವಾ ಅಂತ ಈಗಲೇ ಹೇಳಬೇಕು.